ಗಾಳ ಹಿಡಿದು ವೇದಾವತಿಗೆ

ನಮ್ಮ ಸೀಮೆಯಲ್ಲಿ ಇಬ್ಬರು ಎದುರಾದರೆ ಕ್ಷೇಮ ವಿಚಾರಿಸುವ ಮೊದಲೇ ಬರುವ ಮಾತು, "ನಿಮ್ಮ ಕಡೆ ಮಳೆ ಬಂತಾ?" ಅದರ ಬೆನ್ನಿಗೇ ಇನ್ನೊಂದು, "ಕೆರೆಗೆ ನೀರು ಬಂತಾ?" ಮಡಕಶಿರಾದಲ್ಲಿ ನನ್ನ ಐವತ್ತು ವರ್ಷ ಈ ಎರಡು ಪ್ರಶ್ನೆ ಕೇಳುತ್ತ, ಕೇಳಿಸಿಕೊಳ್ಳುತ್ತ ಕಳೆದಿವೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು ಎನ್ನುವ ನಾಡು ಇದು. ಕೆರೆ ಎಂದರೆ ನಮಗೆ ಮೊದಲು ಅಳತೆ. ಎಷ್ಟು ಅಡಿ ಬಂತು, ತೂಬು ಯಾವಾಗ ಎತ್ತುತ್ತಾರೆ, ಕೆಳಗಿನ ಎಷ್ಟು ಬೋರ್‌ವೆಲ್‌ಗಳಿಗೆ ಜೀವ ಬಂತು, ಇಷ್ಟೇ ಲೆಕ್ಕ. ಹೀಗಿರುವಾಗ ಕಳೆದ ಸಂಕ್ರಾಂತಿಗೆ ರಾಯದುರ್ಗದಿಂದ ಬಂದ ನಮ್ಮ ಭಾವ ಊಟ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತ, "ಈ ಬ್ಯಾಸಿಗಿಗೆ ಯಾವ್ದಾನ ಒಂದು ದೊಡ್ಡ ಕೆರಿಗೆ ಹೋಗಿ ಗಾಳ ಹಾಕ್ಕೊಂಡು ಕೂತು ಬರಾಣಪ್ಪ. ಬ್ಯಾರೆ ಕೆಲ್ಸ ಬ್ಯಾಡ, ಸುಮ್ನೆ ಕೂಡಾದು" ಅಂದರು.

ಆ 'ಸುಮ್ನೆ' ಎಂಬ ಮಾತು ನನ್ನಲ್ಲಿ ಉಳಿದುಬಿಟ್ಟಿತು. ನೀರಿನ ಹತ್ತಿರ ನಾನು ಸುಮ್ಮನೆ ಕೂತದ್ದು ಯಾವಾಗ? ಚಿಕ್ಕಂದಿನಲ್ಲಿ ಕೆರೆ ಕೋಡಿ ಬಿದ್ದ ವರ್ಷ ಹುಡುಗರೆಲ್ಲ ಸೇರಿ ಕೋಡಿಯ ಕೆಳಗೆ ಟವಲ್ ಹಿಡಿದು ನಿಂತು ಮರಿಮೀನು ಹಿಡಿದದ್ದುಂಟು. ಅದು ಗದ್ದಲ, ಓಟ, ಕೆಸರು. ಕೋಲು ಹಿಡಿದು, ನೀರು ನೋಡುತ್ತ, ಹೊತ್ತು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತದ್ದು ಒಮ್ಮೆಯೂ ಇಲ್ಲ. ಮನೆಯಾಕೆಗೆ ಹೇಳಿದೆ. "ಹೋಗಿ ಬರ್ರಿ. ಮೀನು ತಂದ್ರೆ ಸಾರು ಮಾಡ್ತೀನಿ, ತರ್ದಿದ್ರೂ ಚಿಂತಿಲ್ಲ" ಎಂದಳು. ಅಂದಿನಿಂದ ಯೋಜನೆ ಶುರುವಾಯಿತು. ನಾಲ್ಕು ತಿಂಗಳಿನಿಂದ ಭಾವನಿಗೂ ನನಗೂ ಫೋನಿನಲ್ಲಿ ಇದೇ ಮಾತು.

ಮೊದಲ ಪ್ರಶ್ನೆ, ಯಾವ ಕೆರೆ? ಭಾವ ತಮ್ಮ ತಿಪ್ಪವನ್ನು ಬಿಟ್ಟುಕೊಡಲಿಲ್ಲ. ತಿಪ್ಪ ಎಂದರೆ ಗುಮ್ಮಗಟ್ಟ ಮಂಡಲದ ಭೈರವಾನತಿಪ್ಪ ಜಲಾಶಯ, ಜನರ ಬಾಯಲ್ಲಿ ಬಿ.ಟಿ.ಪಿ. ಹನ್ನೆರಡು ಸಾವಿರ ಎಕರೆಗೆ ನೀರುಣಿಸಲೆಂದು ವೇದಾವತಿಗೆ ಅಡ್ಡಲಾಗಿ ಕಟ್ಟಿ 1961ರಲ್ಲಿ ಮುಗಿಸಿದ ಅಣೆಕಟ್ಟು ಅದು. ಅದು ತುಂಬಿದ ವರ್ಷಗಳನ್ನು ಅಲ್ಲಿನವರು ಮಕ್ಕಳ ಹುಟ್ಟಿದ ವರ್ಷದ ಹಾಗೆ ನೆನಪಿಟ್ಟುಕೊಂಡಿರುತ್ತಾರೆ. ಖಾಲಿ ಉಳಿದ ವರ್ಷಗಳೇ ಹೆಚ್ಚು. ಈಗ ಜೀಡಿಪಲ್ಲಿಯಿಂದ ಕೃಷ್ಣೆಯ ನೀರನ್ನು ಎತ್ತಿ ಅಲ್ಲಿಗೆ ತರುವ ಯೋಜನೆಯೂ ಇದೆ. ನಮ್ಮ ಮಡಕಶಿರಾಕ್ಕೂ ಹಂದ್ರಿ-ನೀವಾ ಯೋಜನೆಯ ಶಾಖಾ ಕಾಲುವೆ ಬಂದಿದೆ. ಶ್ರೀಶೈಲದ ಹಿನ್ನೀರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಪಂಪ್ ಮಾಡಿಸಿಕೊಂಡು ಬರಬೇಕಾದ ನೀರು ಅದು. ಕಾಲುವೆಯಲ್ಲಿ ಆ ನೀರು ಹರಿಯುವುದನ್ನು ಕಂಡರೆ, ಬಹಳ ದೂರದಿಂದ ನಡೆದುಬಂದ ನೆಂಟರನ್ನು ಕಂಡ ಹಾಗೆ ನನಗೆ ಕಣ್ಣು ತುಂಬುತ್ತದೆ.

ನಾನು ಹೇಳಿದ್ದು ಮಾರಿಕಣಿವೆ. ಸಿರಾ, ಹಿರಿಯೂರು ದಾಟಿದರೆ ನಮ್ಮೂರಿನಿಂದ ಸುಮಾರು ನೂರು ಕಿಲೋಮೀಟರ್. ಎರಡು ಗುಡ್ಡಗಳ ನಡುವಿನ ಕಣಿವೆ, ಕೆಳಗೆ ಕಣಿವೆ ಮಾರಮ್ಮನ ಗುಡಿ. ಅಲ್ಲಿ ಮೈಸೂರು ಸಂಸ್ಥಾನ 1898ರಲ್ಲಿ ಕೆಲಸ ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟಿನ ಹಿಂದೆ ನಿಂತದ್ದೇ ವಾಣಿವಿಲಾಸ ಸಾಗರ. ನಾಲ್ವಡಿಯವರು ಚಿಕ್ಕವರಿದ್ದಾಗ ರಾಜ್ಯ ನೋಡಿಕೊಂಡ ತಾಯಿ ಕೆಂಪನಂಜಮ್ಮಣ್ಣಿಯವರ ಬಿರುದಿನ ಹೆಸರು ಅದಕ್ಕೆ ಬಂತು. ಮೂವತ್ತು ಟಿ.ಎಂ.ಸಿ. ಹಿಡಿಯುವ ಕೆರೆ. 130 ಅಡಿ ದಾಟಿದರೆ ಕೋಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ! ಅಷ್ಟು ಕಾಲ ಒಂದು ಕೆರೆ ತುಂಬಲೆಂದು ಕಾದ ಜನರ ಮೊಮ್ಮಕ್ಕಳು ಆ ದಿನ ಕೋಡಿಯ ಮುಂದೆ ಕೈಮುಗಿದು ನಿಂತರು. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿಯಿತು.

ವಾದ ಮಾಡುತ್ತ ಮಾಡುತ್ತ ನಮಗೆ ತಿಳಿದದ್ದು, ನಾವಿಬ್ಬರೂ ಒಂದೇ ಹೊಳೆಯ ಹೆಸರು ಹೇಳುತ್ತಿದ್ದೇವೆ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿದ ವೇದಾವತಿ ಮಾರಿಕಣಿವೆಯಲ್ಲಿ ನಿಂತು, ಮಿಕ್ಕಿದ್ದು ಹಿರಿಯೂರು, ಪರಶುರಾಂಪುರ ದಾಟಿ ತಿಪ್ಪಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಹಗರಿ ಎನ್ನಿಸಿಕೊಂಡು ಬಳ್ಳಾರಿ ಸೀಮೆಗೆ ಹೋಗಿ ತುಂಗಭದ್ರೆ ಸೇರುತ್ತದೆ. ನಮ್ಮ ಕಡೆ ಅಗಳಿಯ ಪಕ್ಕ ಹರಿಯುವ ಸುವರ್ಣಮುಖಿ ಹಿರಿಯೂರಿನ ಹತ್ತಿರ ಕೂಡಲಹಳ್ಳಿಯಲ್ಲಿ ವೇದಾವತಿಗೆ ಕೂಡುತ್ತದೆ. ಅಂದರೆ ನಮ್ಮ ಹೊಲದಂಚಿನ ಹಳ್ಳದಲ್ಲಿ ಹರಿದ ಮಳೆ, ಮಿಕ್ಕಿದರೆ, ಭಾವನ ತಿಪ್ಪಕ್ಕೆ ಮುಟ್ಟುತ್ತದೆ. ಕಾಗದದ ಮೇಲೆ ನಮ್ಮಿಬ್ಬರ ಊರುಗಳ ವಿಳಾಸ ಎಷ್ಟೋ ಸಲ ಬದಲಾಗಿದೆ. ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ರಾಯದುರ್ಗ, ಆಲೂರು ಮತ್ತು ಆದೋನಿಯ ಜೊತೆಗೆ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಭಾವ ಅಂದರು, "ಕಚೇರಿ ಯಾವ್ದಾರ ಆಗ್ಲಿ ಬಿಡಪ್ಪ, ನಿನ್ನ ನೀರು ನಾನು ಕುಡೀತೀನಿ."

ಇನ್ನು ಗಾಳ. ಇದರಲ್ಲಿ ನಾನು ಓದಿದವನು, ಭಾವ ಕಂಡವರು. ಓದಿದ್ದೆಂದರೆ ಮಾನಸೋಲ್ಲಾಸದ ವಿಷಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಆ ದೊಡ್ಡ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಅರಸನು ಮನಸ್ಸಿನ ಸಂತೋಷಕ್ಕಾಗಿ ಗಾಳ ಹಾಕಿ ಮೀನು ಹಿಡಿಯುವ ಬಗೆ, ಯಾವ ಮೀನು ಎಂಥದು, ಯಾವುದಕ್ಕೆ ಯಾವ ತಿನಿಸು, ಇವೆಲ್ಲ ಅಲ್ಲಿ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಆ ಅಧ್ಯಾಯದ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಹಳೆಯ ದೊರೆಗಳ ಗುರುತು ನಮ್ಮಲ್ಲೂ ಉಂಟು: ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ನಮ್ಮ ಮಡಕಶಿರಾ ಸೀಮೆಯದೇ. ಅಲ್ಲಿನ ಗುಡಿಗಳ ಕಪ್ಪು ಕಲ್ಲಿನ ಕಂಬ ನೋಡುವಾಗಲೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ. ಒಂಬೈನೂರು ವರ್ಷದ ಹಿಂದೆ ಕನ್ನಡ ನಾಡಿನ ದೊರೆಯೊಬ್ಬ, ಯುದ್ಧ, ತೆರಿಗೆ, ಆನೆ, ಅಡುಗೆ ಎಲ್ಲದರ ಜೊತೆಗೆ ನೀರಿನ ದಡದಲ್ಲಿ ಕೂರುವುದನ್ನೂ ಬದುಕಿನ ಒಂದು ಭಾಗ ಎಂದು ಬಗೆದಿದ್ದನಲ್ಲ, ಅದು ನನಗೆ ಬಹಳ ದೊಡ್ಡ ಮಾತು.

ಭಾವ ಕಂಡದ್ದು ತಿಪ್ಪದ ಬೆಸ್ತರ ಕೆಲಸ. ಬಿದಿರು ಕೋಲು, ನೈಲಾನ್ ದಾರ, ಸೀಸದ ಗುಂಡು, ಜೋಳದ ದಂಟಿನೊಳಗಿನ ಬೆಂಡು ಸಾಕು ಎಂಬುದು ಅವರ ತೀರ್ಮಾನ. ನವಿಲುಗರಿಯ ದಂಟು ಇನ್ನೂ ಚೆನ್ನ, ನೀರಿನ ಮೇಲೆ ನೆಟ್ಟಗೆ ನಿಂತು ಚೂರು ಎಳೆದರೂ ತಿಳಿಸುತ್ತದೆ. ನಮ್ಮ ಹೊಲದಲ್ಲಿ ಉದುರಿದ ಗರಿ ಎರಡು ಎತ್ತಿಟ್ಟಿದ್ದೇನೆ. ತಿನಿಸಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೊರಗಿನದು ಬೇಕಿಲ್ಲ. ಕಡಲೆಕಾಯಿ ಹಿಂಡಿಯನ್ನು ನೆನೆಸಿ, ರಾಗಿಹಿಟ್ಟು ಸೇರಿಸಿ, ಚೆನ್ನಾಗಿ ನಾದಿ ಉಂಡೆ ಮಾಡಿದರೆ ಗೆಂಡೆ ಮೀನಿಗೆ ಅದೇ ಹಬ್ಬ. ಸಣ್ಣ ಮೀನಿಗೆ ಎರೆಹುಳು. ಬೇಸಿಗೆಯಲ್ಲಿ ಎರೆಹುಳು ಸಿಗುವುದು ಬಚ್ಚಲ ನೀರು ಹರಿಯುವ ಬಾಳೆಗಿಡದ ಬುಡದಲ್ಲಿ ಮಾತ್ರ. ಆ ಜಾಗವನ್ನೂ ಗೊತ್ತುಮಾಡಿಕೊಂಡಿದ್ದೇನೆ.

ಮೀನುಗಳ ಬಗ್ಗೆ ಕೇಳಿ ತಿಳಿದಷ್ಟೂ ಬೆರಗು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಒಂದೇ ಮನೆಯಲ್ಲಿ ಮೂರು ಅಂತಸ್ತಿನಲ್ಲಿ ಮೂವರು ಸಂಸಾರ ಮಾಡಿದ ಹಾಗೆ. ಆದ್ದರಿಂದ ಬೆಂಡನ್ನು ಎಲ್ಲಿ ಕಟ್ಟಬೇಕು ಎನ್ನುವುದು ನಿಮಗೆ ಯಾರ ಮನೆಗೆ ಹೋಗಬೇಕಾಗಿದೆ ಎನ್ನುವುದರ ಮೇಲೆ ನಿಂತಿದೆ. ಇವು ಗಂಗಾ ಬಯಲಿನಿಂದ ಬಂದು ನಮ್ಮವಾದ ಮೀನುಗಳು. ಮಳೆಗಾಲದ ಹೊಸ ನೀರು ಹರಿಯುವಾಗ ಮೊಟ್ಟೆಯಿಡುತ್ತವೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. ಅದಕ್ಕೇ ವರ್ಷವರ್ಷ ಕೆರೆಗೆ ಮರಿ ತಂದು ಬಿಡಬೇಕು. ಜಿಲೇಬಿ ಮೀನು (ತಿಲಾಪಿಯಾ) ಇನ್ನೂ ದೂರದ್ದು, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದದ್ದು ಈಗ ಸಣ್ಣ ಕುಂಟೆಯಲ್ಲೂ ತುಂಬಿದೆ. ನನ್ನ ಮನಸ್ಸು ಹೋದದ್ದು ಮಾತ್ರ ಕೊರಮೀನಿನ ಮೇಲೆ. ಕೆಲವರು ಇದನ್ನು ಕುಚ್ಚುಮೀನು ಅನ್ನುತ್ತಾರೆ. ಅದು ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಕೆರೆ ಬತ್ತಿ ಕೆಸರಾದರೂ ಆ ಕೆಸರಲ್ಲೇ ಜೀವ ಹಿಡಿದಿರುತ್ತದೆ. ಮರಿಗಳು ಕೆಂಪಗೆ ಗುಂಪಾಗಿ ತೇಲುವಾಗ ತಂದೆತಾಯಿ ಎರಡೂ ಕೆಳಗೆ ಕಾವಲಿರುತ್ತವೆ. ಅನಾವೃಷ್ಟಿಯ ನಾಡಿನ ಮೀನು ಎಂದರೆ ಇದೇ. ಮರಿ ಕಾಯುವ ಕೊರಮೀನು ಗಾಳಕ್ಕೆ ಬಿದ್ದರೆ ಬಿಟ್ಟುಬಿಡುವುದೆಂದು ಭಾವ, ನಾನು ಮೊದಲೇ ಮಾತಾಡಿಕೊಂಡಿದ್ದೇವೆ.

ಹಿಂದೂಪುರದ ಆಚೆ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಒಮ್ಮೆ ಹೋಗಿದ್ದೆ. ಬಣ್ಣದ ಕೊಕ್ಕರೆಗಳು ವರ್ಷದ ಮೊದಲಲ್ಲಿ ಬಂದು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮರಿ ಹಾರಿಸಿಕೊಂಡು ಹೋಗುತ್ತವೆ. ಊರಿನವರು ಅವನ್ನು ಮನೆಮಗಳು ಬಾಣಂತನಕ್ಕೆ ಬಂದ ಹಾಗೆ ನೋಡಿಕೊಳ್ಳುತ್ತಾರೆ. ಸುತ್ತಲ ಕೆರೆಗಳಲ್ಲಿ ನೀರಿದ್ದರೆ ಮೀನು, ಮೀನಿದ್ದರೆ ಕೊಕ್ಕರೆ. ಕೆರೆ ಬತ್ತಿದ ವರ್ಷ ತಾಯಿ ಹಕ್ಕಿ ಬಹಳ ದೂರ ಹೋಗಿ ಬರಬೇಕು, ಮರಿ ಹಸಿದು ಗೂಡಿನಿಂದ ಕೆಳಗೆ ಬೀಳುತ್ತದೆ. ಅಂದು ಕೆರೆಯಂಚಿನಲ್ಲಿ ಒಂದು ಕೊಕ್ಕರೆ ಕೊಕ್ಕನ್ನು ಅರೆಬಿಚ್ಚಿ ನೀರಿನಲ್ಲಿಟ್ಟು ಒಂದೇ ಕಡೆ ನಿಂತಿತ್ತು. ಅರ್ಧ ಗಂಟೆ ಅದನ್ನೇ ನೋಡಿದೆ. ಗಾಳ ಹಿಡಿದು ಕೂರುವ ಪಾಠ ನನಗೆ ಅಲ್ಲಿಯೇ ಸಿಕ್ಕಿತು.

ಕಾಲ ಗೊತ್ತುಮಾಡುವುದು ಸುಲಭವಾಯಿತು. ಜೂನ್ ಬಂದರೆ ಮೀನು ಮರಿಮಾಡುವ ಕಾಲ, ಆಗ ಹೋಗಬಾರದು. ಮೇ ತಿಂಗಳ ಬಿಸಿಲಿನಲ್ಲಿ ರಾಯದುರ್ಗದ ಬೆಟ್ಟದ ಬಂಡೆಗಳು ರಾತ್ರಿ ಹತ್ತಾದರೂ ಬಿಸಿ ಬಿಡುವುದಿಲ್ಲ. ನೀರೂ ಹಾಗೆಯೇ. ಹೊತ್ತೇರಿದಂತೆ ಮೀನು ಆಳಕ್ಕಿಳಿಯುತ್ತದೆ. ಹಾಗಾಗಿ ನಸುಕಿನಿಂದ ಒಂಬತ್ತರವರೆಗೆ ಗಾಳ, ಆಮೇಲೆ ಮರದ ನೆರಳು, ಊಟ, ನಿದ್ದೆ, ಮತ್ತೆ ಸಂಜೆ ನಾಲ್ಕರ ಮೇಲೆ ಗಾಳ. ಊಟಕ್ಕೆ ಭಾವನ ಮನೆಯಿಂದ ಜೋಳದ ರೊಟ್ಟಿ, ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ನಮ್ಮ ಮನೆಯಿಂದ ಮೊಸರನ್ನ, ಕಡಲೆಕಾಯಿ ಚಟ್ನಿಪುಡಿ, ಒಂದು ಮಡಕೆ ಮಜ್ಜಿಗೆ. ಮೀನು ಸಿಕ್ಕರೆ ಹುಣಸೆಹುಳಿಯ ಸಾರು ಮನೆಗೆ ಬಂದ ಮೇಲೆಯೇ. ದಡದಲ್ಲಿ ಒಲೆ ಹೂಡುವುದು ಬೇಡ, ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು.

ಕೊನೆಗೆ ಕೆರೆಯ ತೀರ್ಮಾನ ಭಾವನೇ ಮಾಡಿದರು. ಒಂದು ಮುಂಜಾನೆ ತಿಪ್ಪದ ಅಂಗಳಕ್ಕೆ ಹೋಗಿ ಬಂದು ಫೋನ್ ಮಾಡಿದರು. "ನೀರು ಹಿಂದಕ್ಕ ಸರದೈತಿ ಕಣಪ್ಪ. ಇದ್ದ ನೀರಿನ ಕೆಳಗೆಲ್ಲ ಬಳ್ಳಾರಿ ಜಾಲಿ. ಗಾಳ ಹಾಕಿದ್ರ ಮುಳ್ಳಿಗೇ ಸಿಗ್ತೈತಿ." ವರ್ಷಗಟ್ಟಲೆ ಒಣಗಿದ ಕೆರೆಯ ಅಂಗಳದಲ್ಲಿ ಬೆಳೆದ ಜಾಲಿ, ನೀರು ಬಂದಾಗ ಹಾಗೇ ಮುಳುಗಿರುತ್ತದೆ. ಅವರ ದನಿ ಇಳಿದಿತ್ತು. ಅಲ್ಲಿ ಒಬ್ಬ ಬೆಸ್ತರ ತಾತ ಹರಿಗೋಲನ್ನು ಬೋರಲು ಹಾಕಿ ಅದರ ನೆರಳಲ್ಲಿ ಕೂತಿದ್ದರಂತೆ. ಭಾವ ಗಾಳದ ವಿಷಯ ಹೇಳಿದಾಗ ತಾತ, "ಮ್ಯಾಲಿನ ಕೆರೆ ನೋಡ್ಕೊಂಡ್ ಬಾರಪ್ಪ. ಅದು ತುಂಬಿದ್ರ ನಮ್ದೂ ಒಂದಿನ ತುಂಬ್ತೈತಿ. ಹೋದಾಗ ಮೊದ್ಲು ಗಂಗಮ್ಮಗ ಕೈಮುಗಿ, ಆಮೇಲೆ ಅಲ್ಲಿನೋರ್ನ ಕೇಳು" ಎಂದರಂತೆ.

ಆದ್ದರಿಂದ ಈ ಬೇಸಿಗೆಗೆ ಮಾರಿಕಣಿವೆ. ಅಣೆಕಟ್ಟೆಯ ಹತ್ತಿರ ನಾವು ಕೂರುವುದಿಲ್ಲ, ಅಲ್ಲಿ ನೀರು ಆಳ, ಜನವೂ ಹೆಚ್ಚು. ಹೊಸದುರ್ಗದ ಕಡೆಯ ಹಿನ್ನೀರಿನ ದಡಕ್ಕೆ ಹೋಗುತ್ತೇವೆ. ಮೀನಿನ ಹಕ್ಕು ಅಲ್ಲಿ ಪರವಾನಗಿ ಪಡೆದು ಬಲೆ ಹಾಕುವವರದು. ಅದು ಅವರ ಅನ್ನ, ನಮಗೆ ಒಂದು ದಿನದ ಸಂತೋಷ. ಮೊದಲೇ ಮೀನುಗಾರಿಕೆ ಇಲಾಖೆಯವರನ್ನೂ ಅವರನ್ನೂ ಕೇಳಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ ಕೋಲು ಊರುವುದು. ನೀರಿಗಿಳಿಯುವುದಿಲ್ಲ. ಕೆಸರು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಮೊಳಕಾಲುದ್ದ ಹಸಿ ಇರುತ್ತದೆ.

ಮೇ ತಿಂಗಳ ಎರಡನೆಯ ಶನಿವಾರ ನಸುಕಿನ ಮೂರು ಗಂಟೆಗೆ ನಾವು ಮಡಕಶಿರಾ ಬಿಡುತ್ತೇವೆ. ಭಾವ ಹಿಂದಿನ ದಿನವೇ ಬಂದಿರುತ್ತಾರೆ. ನೀವೂ ಯಾವುದಾದರೂ ಕೆರೆಯ ದಡಕ್ಕೆ ಗಾಳ ಹಿಡಿದು ಹೊರಡುವವರಾದರೆ ಒಂದು ಚಿಕ್ಕ ಚೀಲ ಇಟ್ಟುಕೊಳ್ಳಿ. ಕಡಿದ ನೈಲಾನ್ ದಾರದ ಒಂದು ಗೇಣನ್ನೂ ಬಿಡದೆ ಅದರಲ್ಲಿ ಹಾಕಿಕೊಂಡು ಬನ್ನಿ. ದಡದಲ್ಲಿ ಬಿಟ್ಟ ದಾರ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.