ಒಡ್ಡಿಯೊಳಗಿನ ಸದ್ದು

ಬೆಳಗಿನ ಆರು ಗಂಟೆ. ತೀರ್ಥಹಳ್ಳಿ ಕಡೆಯ ಒಂದು ಹಿತ್ತಲು, 12 ದಿನದಿಂದ ಬಿಡದ ಆಷಾಢದ ಮಳೆ. ಹೆಂಚಿನಂಚಿನ ನೀರು ನಿಮ್ಮ ಬೆನ್ನಿಗಿಳಿಯುತ್ತಿದೆ. ಕೋಳಿ ಒಡ್ಡಿಯ ಅಗುಳಿಗೆ ಕೈ ಹಾಕುವ ಮೊದಲೇ ಎದೆ ಝಲ್ಲೆನ್ನುತ್ತದೆ. ದಿನದ ಸದ್ದಲ್ಲ ಅದು. ಬಾಗಿಲಿಗೆ ಮುಗಿಬೀಳುವ ಗಡಿಬಿಡಿ ಇಲ್ಲ, ಹಸಿವಿನ ಕೊಕ್ಕೊಕ್ಕೊ ಇಲ್ಲ. ಒಂದು ಮೂಲೆಯಿಂದ ಮಾತ್ರ ಟಕ್, ಟಕ್. ಹಿಂದೆಯೇ ಗಂಟಲಲ್ಲೇ ಸಿಕ್ಕಿಕೊಂಡ ಒಂದು ಕಿರುಚು.

ಬಾಗಿಲು ತೆಗೆದೊಡನೆ ಘಾಟು ಕಣ್ಣಿಗೆ ಹೊಡೆಯುತ್ತದೆ. ಒದ್ದೆ ಹೊಟ್ಟು, ಹಿಕ್ಕೆ, ಅದರಡಿಯಲ್ಲಿ ತುಕ್ಕು ಕಬ್ಬಿಣದಂಥ ಇನ್ನೊಂದು ವಾಸನೆ. ಟಾರ್ಚ್ ಹಾಯಿಸುತ್ತೀರಿ. ಕರಿ ಹೇಂಟೆ ಮೊಟ್ಟೆಬುಟ್ಟಿಯ ಅಡಿಗೆ ತಲೆ ತೂರಿಸಿ ನಿಂತಿದೆ. ತಲೆ ಅಡಗಿದರೆ ಸಾಕು, ತಾನೇ ಅಡಗಿದೆ ಅಂದುಕೊಂಡಂತೆ. ಬಾಲದ ಬುಡದಲ್ಲಿ, ಗರಿಗೆ ಎಣ್ಣೆ ಸವರಿಕೊಳ್ಳುವ ಗ್ರಂಥಿಯ ಸುತ್ತ, ಒಂದು ಪುಕ್ಕವೂ ಉಳಿದಿಲ್ಲ. ಅಂಗೈ ಅಗಲ ಹಸಿ ಚರ್ಮ, ಒದ್ದೆ, ಕೆಂಪು. ಹಿಂದೆ ನಿಂತ ದೊಡ್ಡ ಗಿರಿರಾಜ ಕತ್ತು ಓರೆ ಮಾಡಿ ನೋಡುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಿಗೆಂದೇ ರೂಪಿಸಿದ ತಳಿ, ನಾಟಿ ಕೋಳಿಯ ಪಕ್ಕದಲ್ಲಿ ದೈತ್ಯೆ. ಕುಕ್ಕುತ್ತದೆ. ಅರೆಬೆಳೆದ ಗರಿಯೊಂದನ್ನು ಎಳೆಯುತ್ತದೆ. ಬೆಳೆಯುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ, ಅದು ಚಿಮ್ಮುತ್ತದೆ. ಉಳಿದ ಕೋಳಿಗಳ ಕತ್ತು ಒಟ್ಟಿಗೇ ತಿರುಗುತ್ತದೆ.

ಈಗ. ನುಗ್ಗಿ. ರೆಕ್ಕೆ ಅದುಮಿ, ಕಾಲು ಸಿಕ್ಕಿತು, ಎದೆಗವಚಿ. ಕೈಮೇಲೆ ಒಂದು ಕುಕ್ಕು ಬೀಳುತ್ತದೆ, ನಿಮಗೇ. ಹೊರಗೆ. ಬಾಗಿಲು!

ಜಗಲಿಯಲ್ಲಿ ಗಾಯಕ್ಕೆ ಬಟ್ಟೆ ಒತ್ತಿ ಮುನ್ನೂರರವರೆಗೆ ಎಣಿಸುತ್ತೀರಿ. ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಕೋಳಿಯ ಮೈಬಿಸಿ 41 ಡಿಗ್ರಿಗೂ ಮೇಲೆ. ಮಳೆಯಲ್ಲಿ ಮರಗಟ್ಟಿದ ನಿಮ್ಮ ಬೆರಳಿಗೆ ಅದು ಜ್ವರದಂತೆ ತಾಗುತ್ತದೆ. ಎದೆಬಡಿತ ಎಣಿಸಲಾಗದಷ್ಟು ಜೋರು.

"ಉಳಿಯಲ್ಲ ಅದು. ಸಾರಿಗೆ ಹಾಕೋಣ," ಒಳಗಿನಿಂದ ಅತ್ತೆ.

ತಪ್ಪು ಮಾತೇನಲ್ಲ. ಕತ್ತಿ ಗೋಡೆಗೇ ಸಿಕ್ಕಿಸಿದೆ. ಬಟ್ಟೆ ಸರಿಸಿ ಬಗ್ಗುತ್ತೀರಿ. ಮಾಂಸಖಂಡ ಸೀಳಿದೆಯೇ? ಇಲ್ಲ. ಗುದದ್ವಾರ? ಹರಿದಿಲ್ಲ. ಮೂಗು ಹತ್ತಿರ ತರುತ್ತೀರಿ, ಮಳೆಗಾಲದ ನೊಣ ಇಟ್ಟ ತತ್ತಿ ಒಂದೇ ದಿನದಲ್ಲಿ ಹುಳವಾಗುತ್ತದಲ್ಲ. ಕೊಳೆತ ನಾತ ಇಲ್ಲ, ಬರೀ ರಕ್ತ. ಹೇಂಟೆ ಒಂದು ಕಣ್ಣು ಮುಚ್ಚಿ ತೆಗೆಯುತ್ತದೆ.

"ಬಿಸಿನೀರು ಕೊಡಿ."

ಕುದಿಸಿ ಆರಿಸಿದ ನೀರು, ಲೀಟರಿಗೆ 9 ಗ್ರಾಂ ಉಪ್ಪು. ಹರಿಯಬಿಟ್ಟು ತೊಳೆಯುತ್ತೀರಿ, ಉಜ್ಜುವುದಿಲ್ಲ. ನೋವು ಮರೆಸುವ ಮುಲಾಮು ಕಪಾಟಿನಲ್ಲೇ ಇರಲಿ. ಅಷ್ಟು ಸಣ್ಣ ಮೈಗೆ ಅದು ಬೇಗ ವಿಷವಾಗುತ್ತದೆ. ಪೊವಿಡೋನ್ ಅಯೋಡಿನ್ನನ್ನು ತೆಳು ಚಹಾದ ಬಣ್ಣಕ್ಕೆ ತಿಳಿಯಾಗಿಸಿ ಹನಿಸುವಾಗ ಅದರ ಕಾಲುಗುರು ನಿಮ್ಮ ತೊಡೆಗೆ ಕಚ್ಚುತ್ತದೆ. ಕಚ್ಚಲಿ.

ಮಂಕರಿಯಡಿ ಬೆಚ್ಚಗೆ ಕೂರಿಸಿ, ಒಡ್ಡಿಗೆ ಕಾಣುವಂತೆಯೇ ಇಡುತ್ತೀರಿ. ಕಣ್ಮರೆಯಾದ ಕೋಳಿ ವಾಪಸಾದಾಗ ಅಪರಿಚಿತೆ; ಮತ್ತೆ ಮೊದಲಿಂದ ಜಗಳ. ಗಿರಿರಾಜನಿಗೂ ಬೇರೆ ಮೂಲೆ, ಮೆರೆದ ಪಟ್ಟ ಸ್ವಲ್ಪ ಇಳಿಯಲಿ.

ಆಮೇಲೆ ಗಿರಿರಾಜನನ್ನು ಬೈಯುತ್ತಲೇ ಒಡ್ಡಿಗೆ ಮರಳುತ್ತೀರಿ. ಕೋಳಿ ಕೂರುವ ಗಳುವಿನ ಬಿರುಕಿಗೆ ಟಾರ್ಚ್ ಬಿಟ್ಟರೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಸರಿದಾಡುತ್ತಿವೆ. ಉಗುರಲ್ಲಿ ಒತ್ತಿದರೆ ಕೆಂಪು. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ನುಸಿ. ಆರಕ್ಕೆ ಕಟ್ಟಿದ ಒಡ್ಡಿಯಲ್ಲಿ ಹನ್ನೊಂದು ಕೋಳಿ. ಮಳೆಯೆಂದು ಹೊರಬಿಟ್ಟಿಲ್ಲ, ಹಾಗಾಗಿ ಕೆದಕಲು ತಿಪ್ಪೆಯಿಲ್ಲ, ಎರೆಹುಳವಿಲ್ಲ. ಹಾಕಿದ್ದು ಬರೀ ನುಚ್ಚಕ್ಕಿ. ಗರಿಯೆಂದರೆ ಹೆಚ್ಚುಕಡಿಮೆ ಬರೀ ಪ್ರೋಟೀನು. ಅದು ತಟ್ಟೆಯಲ್ಲಿ ಸಿಗದಿದ್ದಾಗ ಕೊಕ್ಕು ಪಕ್ಕದವಳ ಬೆನ್ನಲ್ಲಿ ಹುಡುಕಿದೆ. ಒಡ್ಡಿಗೆ ಅಗುಳಿ ಹಾಕಿದ ಕೈ ಯಾರದ್ದು? ಬೈಗುಳ ಬಾಯಲ್ಲೇ ತಣ್ಣಗಾಗುತ್ತದೆ.

ಬಿರುಕುಗಳಿಗೆ ಕುದಿನೀರು, ಮೇಲೆ ಸುಣ್ಣ. ನುಚ್ಚಿಗೆ ಕಡಲೆಹಿಂಡಿ, ಒಣಸೀಗಡಿ ಪುಡಿ. ಮಾಡಿನಡಿ ಟಾರ್ಪಾಲು ಎಳೆದು ಇನ್ನಷ್ಟು ಜಾಗ, ಹಾರಿ ಕುಕ್ಕಲು ಹರಿವೆ ಸೊಪ್ಪಿನ ಕಟ್ಟು.

ಹತ್ತನೆಯ ರಾತ್ರಿ ಗಾಯ ಒಣಗಿದೆ, ಚರ್ಮದಲ್ಲಿ ಸೂಜಿಮೊನೆಯಂಥ ಮೊಳಕೆಗಳು. ಎಲ್ಲ ಮಲಗಿದ ಮೇಲೆ ಕರಿ ಹೇಂಟೆಯನ್ನು ಗಳುವಿನ ಮೇಲೆ ಕೂರಿಸುತ್ತೀರಿ. ಟಾರ್ಚ್ ಆರಿಸುತ್ತೀರಿ. ಕತ್ತಲಲ್ಲಿ ಕೋಳಿ ಕುಕ್ಕುವುದಿಲ್ಲ, ಅದು ನಿಮಗೆ ಗೊತ್ತು, ಭಯವಿರುವುದು ಬೆಳಕಿನದು. ಆದ್ದರಿಂದ ನಸುಕಿಗೆ ಮೊದಲೇ ಕಂಬಳಿಕೊಪ್ಪೆ ಹೊದ್ದು ಮತ್ತೆ ಇಲ್ಲಿಗೇ ಬರುತ್ತೀರಿ. ಅಗುಳಿಯ ಮೇಲೆ ಕೈ. ಒಳಗೆ ಯಾರೋ ರೆಕ್ಕೆ ಒದರುತ್ತಾರೆ. ಟಕ್. ಹೆಂಚಿನ ಹನಿಯೋ, ಕೊಕ್ಕೋ, ಉಸಿರು ಬಿಗಿಹಿಡಿದು ಕೇಳುತ್ತೀರಿ.