ಹಲಬರ್ಗಾ ಠೇಸನ್ನಿನ ಹುಡುಗರು

ಬೀದರ್ ಬಿಟ್ಟ ಗಾಡಿ ಖಾನಾಪುರ ದಾಟಿದರೆ ಮುಂದೆ ಬರುವುದು ನಮ್ಮ ಹಲಬರ್ಗಾ. ಆಮೇಲೆ ಭಾಲ್ಕಿ, ಕಮಲನಗರ, ಉದಗೀರ. ನಿಜಾಮರ ಕಾಲದಲ್ಲಿ ಹಾಕಿದ ಈ ಹಳಿಯೇ ನಮಗೆ ಭೂಗೋಳ ಕಲಿಸಿತು. ಒಂದು ಕಡೆ ಹೋದರೆ ಹೈದರಾಬಾದು, ಇನ್ನೊಂದು ಕಡೆ ಹೋದರೆ ಪರಳಿ ವೈಜನಾಥ. ಬೆಂಗಳೂರು ಯಾವ ದಿಕ್ಕಿಗಿದೆ ಎಂದು ಕೇಳಿದ್ದರೆ ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ಕಲಬುರಗಿಗೆ ರೈಲಿನಲ್ಲಿ ಹೋಗಬೇಕಾದರೂ ವಿಕಾರಾಬಾದ್ ಸುತ್ತಿ ಬರಬೇಕಿತ್ತು. ಖಾನಾಪುರದಿಂದ ಕಲಬುರಗಿಗೆ ಹೊಸ ಹಳಿ ಕೂಡಿದ್ದು 2017ರಲ್ಲಿ. ಅಷ್ಟರಲ್ಲಿ ನಾವೆಲ್ಲ ಊರು ಬಿಟ್ಟಾಗಿತ್ತು.

ಮಾರ್ಗಶಿರ ಬಂತೆಂದರೆ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ. ಗಾಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಹಾರಾಷ್ಟ್ರದ ಕಡೆಯಿಂದ ಬಂದವರು ಮರಾಠಿಯಲ್ಲಿ ಜಯಕಾರ ಹಾಕುತ್ತಿದ್ದರು, ನಾವು ಕನ್ನಡದಲ್ಲಿ. ದೇವರ ಮುಂದೆ ಹಾರಿಸುವ ಭಂಡಾರ ಮಾತ್ರ ಒಂದೇ. ಆ ಅರಿಶಿಣ ಅಂಗಿಯಿಂದ ಹೋಗದಿದ್ದರೆ ಅವ್ವ ಬೈಯುತ್ತಿರಲಿಲ್ಲ.

ನಮ್ಮ ಮುತ್ಯಾ ಶಾಲೆಯಲ್ಲಿ ಕಲಿತದ್ದು ಉರ್ದು, ಸಂತೆಯಲ್ಲಿ ಆಡುತ್ತಿದ್ದದ್ದು ಮರಾಠಿ. ಮನೆಯೊಳಗೆ ಬಂದು ಕೈಕಾಲು ತೊಳೆದ ಮೇಲೆ ಕನ್ನಡ. ರಜಾಕಾರರ ಹಾವಳಿಯ ದಿನಗಳನ್ನು ಆತ ದನಿ ತಗ್ಗಿಸಿ ಹೇಳುತ್ತಿದ್ದ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಮಾತು ಬಂದಾಗ ಮಾತ್ರ ಎದೆ ಸೆಟೆಸಿ ಕೂರುತ್ತಿದ್ದ. "ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸ್ಯಾರಪ್ಪಾ ಅಪ್ಪನೋರು. ನೀವು ಪುಕ್ಕಟೆ ಕಲೀಲಿಕ್ಕತ್ತೀರಿ" ಎನ್ನುತ್ತಿದ್ದ. 1956ರಲ್ಲಿ ಬೀದರ್, ಭಾಲ್ಕಿ, ಔರಾದ್ ಕನ್ನಡ ನಾಡಿಗೆ ಸೇರಿದವು ಎಂಬುದು ನಮಗೆ ಪಾಠದ ಒಂದು ಸಾಲು. ಆತನಿಗೆ ಅದು ಕಂಡು ಉಂಡ ಬದುಕು.

ಎಲ್ಲಕ್ಕಿಂತ ದೊಡ್ಡ ಹಬ್ಬ ಎಳ್ಳ ಅಮಾಸಿ. ದೀಪಾವಳಿಗೆ ಬರದ ನೆಂಟರೂ ಅದಕ್ಕೆ ಬರುತ್ತಿದ್ದರು. ಹಿಂದಿನ ರಾತ್ರಿಯಿಡೀ ಆಯಿ, ಅವ್ವ, ಕಾಕಿ ಎಲ್ಲರಿಗೂ ಒಲೆಯ ಮುಂದೆಯೇ ಬೆಳಗಾಗುತ್ತಿತ್ತು. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯಪಲ್ಯ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಣ್ಣಿನ ಗಡಿಗೆಯಲ್ಲಿ ಹುಳಿ ಬಂದ ಜೋಳದ ಅಂಬಲಿ. ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿ ಹೊಲಕ್ಕೆ. ಜೋಳದ ದಂಟಿನಿಂದ ಕೊಂಪಿ ಕಟ್ಟಿ, ಅದರೊಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದರೆ ಅವರೇ ಪಾಂಡವರು. ಪೂಜೆಯಾದ ಮೇಲೆ ಕಾಕಾ ಹೊಲದ ತುಂಬ ಚರಗ ಚೆಲ್ಲುತ್ತಿದ್ದರೆ ನಾವು ಹಿಂದೆ ಹಿಂದೆ ಕೂಗುತ್ತ ಓಡುತ್ತಿದ್ದೆವು. ಹೊಲ ಇಲ್ಲದವರನ್ನು ಕರೆಯದೆ ಉಣ್ಣುವಂತಿರಲಿಲ್ಲ. ಠೇಸನ್ನಿನಲ್ಲಿ ಕೆಲಸಕ್ಕಿದ್ದ ಪರ ಊರಿನವರೂ, ಮಸೀದಿ ಓಣಿಯ ಚಾಚಾನ ಮನೆಯವರೂ ನಮ್ಮ ಹೊಲದಲ್ಲೇ ಉಣ್ಣುತ್ತಿದ್ದರು. ಆ ಭಜ್ಜಿಯ ರುಚಿ ಪೇಟೆಯಲ್ಲಿ ಎಷ್ಟು ಪ್ರಯತ್ನಪಟ್ಟರೂ ಬರುವುದಿಲ್ಲ. ಅದಕ್ಕೆ ಅದೇ ದಿನ ಕಿತ್ತ ಕಾಯಿಪಲ್ಯವೇ ಬೇಕು, ಹೊಲದ ಬದುವಿನ ಮೇಲೆ ಸಾಲಾಗಿ ಕೂರುವ ಮಂದಿಯೂ ಬೇಕು.

ಊಟ ಮುಗಿಸಿ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಜೀಕುವ ಹೊತ್ತಿಗೆ ಒಮ್ಮೊಮ್ಮೆ ಬೀದರಿನ ವಾಯುಪಡೆ ನೆಲೆಯಿಂದ ಎದ್ದ ಕಿರಣ್ ವಿಮಾನ ತಲೆ ಮೇಲೆ ಹಾಯುತ್ತಿತ್ತು. ಅಲ್ಲಿ ಹೊಸ ಪೈಲಟ್‌ಗಳು ಹಾರುವುದನ್ನು ಕಲಿಯುತ್ತಾರೆ ಎಂದು ಮಾಸ್ತರರು ಹೇಳಿದ್ದರು. ಅವರೂ ನಮ್ಮ ಹಾಗೆ ಸಾಲಿ ಹುಡುಗರು ಎಂದು ಕೈ ಬೀಸುತ್ತಿದ್ದೆವು.

ಪುಣೆ, ಹೈದರಾಬಾದು, ಬೆಂಗಳೂರು ಸೇರಿದ ಗೆಳೆಯರೇ, ಈ ಸಲದ ಎಳ್ಳ ಅಮಾಸಿಗೆ ಮಕ್ಕಳನ್ನು ಕರಕೊಂಡು ಊರಿಗೆ ಬನ್ನಿ. ಬಸ್ಸಿನಲ್ಲಿ ಬೇಡ, ಗಾಡಿಯಲ್ಲೇ ಬಂದು ನಮ್ಮ ಠೇಸನ್ನಿನಲ್ಲಿ ಇಳಿಯಿರಿ. ಉರ್ದು ಬೋರ್ಡಿನ ಕಾಲವನ್ನು ಕಂಡ ಮುತ್ಯಾ, ಆಯಿ ಈಗ ಓಣಿಗೊಬ್ಬರೂ ಉಳಿದಿಲ್ಲ. ಉಳಿದವರ ಹತ್ತಿರ ಕೂತು ಅವರ ಮಾತನ್ನು ಫೋನಿನಲ್ಲಾದರೂ ಹಿಡಿದಿಡಿ.