ಗಾಡಿ ಮಾತು – ಭಾಗ 4: ಕಾರಿನ ಆಯಿಲ್ ಬೈಕಿಗೆ ಬೇಡ

ನಾನು ಮಾಡಿದ ಎಡವಟ್ಟು ನೀವು ಮಾಡ್ಬೇಡಿ. ಮಾವನ ಕಾರಿಗೆ ಹಾಕಿ ಮಿಕ್ಕಿದ್ದ ಆಯಿಲನ್ನ, ದುಡ್ಡು ಉಳೀತು ಅಂತ ಅಪ್ಪನ ಸ್ಪ್ಲೆಂಡರ್‌ಗೆ ಸುರಿದೆ. ಅಪ್ಪ ರೇಷ್ಮೆ ಗೂಡಿನ ಮೂಟೆ ಕಟ್ಕೊಂಡು ರಾಮನಗರ ಮಾರ್ಕೆಟ್‌ಗೆ ಹೊರಟರೆ, ಮಾಗಡಿ ರೋಡಿನ ಏರಲ್ಲಿ ಇಂಜಿನ್ ಕಿರುಚುತ್ತೆ, ಗಾಡಿ ಮುಂದೆ ಹೋಗಲ್ಲ. ಹರಾಜಿಗೆ ತಡವಾಯ್ತು.

ಕಾರಣ ಇಷ್ಟೇ. ಬೈಕಲ್ಲಿ ಕ್ಲಚ್ ಪ್ಲೇಟು ಇಂಜಿನ್ ಆಯಿಲಲ್ಲೇ ನೆನೀತಿರುತ್ತೆ. ಎಷ್ಟೋ ಕಾರಿನ ಆಯಿಲಲ್ಲಿ ಮೈಲೇಜ್ ಬರ್ಲಿ ಅಂತ ಜಾರಿಸೋ ಅಂಶ ಸೇರಿಸಿರ್ತಾರೆ. ಅದು ಪ್ಲೇಟನ್ನೂ ಜಾರಿಸುತ್ತೆ.

ಡಬ್ಬದ ಮೇಲೆ ಎರಡು ನೋಡಿ. ಒಂದು, ನಿಮ್ಮ ಗಾಡಿ ಪುಸ್ತಕದಲ್ಲಿರೋ ಗ್ರೇಡ್. ನಮ್ಮ ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30. ಎರಡು, ಜಾಸೋ ಎಂಎ ಅಥವಾ ಎಂಎ2. ಎಂಬಿ ಅಂತಿದ್ರೆ ಅದು ಗೇರಿಲ್ಲದ ಸ್ಕೂಟರ್‌ಗೆ.

ಅಪ್ಪ ಬೈಯಲಿಲ್ಲ. "ಒಂದ್ ಮಾತು ಕೇಳಿ ಹಾಕ್ಬಾರ್ದಿತ್ತಾ ಮಗಾ" ಅಂದ್ರು, ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.